ಇಪ್ಪತ್ತೈದು ಖೋಕಾಗಳ ಪ್ರಸಾದ

ಆ ವರ್ಷ ದೇಶದ ಬಂಗಾರ ವಿಮಾನ ಹತ್ತಿ ಪರದೇಶಕ್ಕೆ ಒತ್ತೆ ಹೋಗಿತ್ತು. ಶಹಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ನನಗೆ ಅಂಥ ಸುಗ್ಗಿಯ ವರ್ಷ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ಬೆಳಗಿನ ಪತ್ರಿಕೆಯನ್ನೇ ತರಗತಿಗೆ ಒಯ್ದರೆ ಪಾಠ ತಾನಾಗಿ ನಡೆಯುತ್ತಿತ್ತು. ಸರ್ಕಾರದ ಕೈ ಖಾಲಿಯಾದರೆ ಏನಾಗುತ್ತದೆ ಎಂದು ನಾನು ಬಹಳ ಚಂದವಾಗಿ ಹೇಳುತ್ತಿದ್ದೆ. ಅದು ನನ್ನ ತಲೆಯ ಮೇಲೆಯೇ ಬಂದು ಕೂರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ನಾನು ಕಾಲೇಜಿನ ಎನ್‌ಸಿಸಿ ತುಕಡಿಗೆ ಅಧಿಕಾರಿಯೂ ಆಗಿದ್ದೆ. ಮೊದಲಿದ್ದವರು ಯಾದಗಿರಿಗೆ ವರ್ಗವಾಗಿ ಹೋದಾಗ ಪ್ರಾಂಶುಪಾಲರು ಸ್ಟಾಫ್‌ರೂಮಿಗೆ ಬಂದು ಒಂದು ಸುತ್ತು ಕಣ್ಣು ಹಾಯಿಸಿದ್ದರು. ಉಳಿದವರೆಲ್ಲ ತಕ್ಷಣ ಕೆಮ್ಮತೊಡಗಿದರು. ನನಗೆ ಕೆಮ್ಮು ಬರುವುದು ತಡವಾಯಿತು. ಹೀಗೆ ಭಗವಂತರಾಯ ಮಾಸ್ತರ ಲೆಫ್ಟಿನೆಂಟ್ ಭಗವಂತರಾಯನಾದ. ಸೊಂಟದ ಬೆಲ್ಟಿಗೆ ಇನ್ನೆರಡು ತೂತು ಹಾಕಿಸಿದ್ದನ್ನು ಬಿಟ್ಟರೆ ದೇಶಕ್ಕಾಗಿ ನಾನು ಮಾಡಿದ ತ್ಯಾಗ ಹೆಚ್ಚೇನಿಲ್ಲ.

ಸೆಪ್ಟೆಂಬರಿನಲ್ಲಿ ಗುಲಬರ್ಗಾದ ಬಟಾಲಿಯನ್ನಿನಿಂದ ಪತ್ರ ಬಂತು. ಮಿತವ್ಯಯದ ಕಾರಣದಿಂದ ಈ ವರ್ಷ ಗುಂಡು ಹಾರಿಸುವ ಅಭ್ಯಾಸಕ್ಕೆ ಪ್ರತಿ ಕೆಡೆಟ್‌ಗೆ ಹತ್ತರ ಬದಲು ಒಂದೇ ಗುಂಡು. ಉಪಾಹಾರ ಇಲ್ಲ. ಬಟ್ಟೆ ಒಗೆಯುವ ಭತ್ಯೆ ಅರ್ಧ. ಹಾರಿಸಿದ ಗುಂಡಿನ ಖಾಲಿ ಕವಚಗಳನ್ನು ಮಾತ್ರ ನೂರಕ್ಕೆ ನೂರು ಹಿಂತಿರುಗಿಸತಕ್ಕದ್ದು. ನೂರಕ್ಕೆ ನೂರು ಎಂಬಲ್ಲಿ ಕೆಂಪು ಶಾಯಿಯ ಎರಡು ಗೆರೆ ಎಳೆದಿದ್ದರು.

ಇದನ್ನು ತರಗತಿಯಲ್ಲಿ ಓದಿದಾಗ ಮಾನಮ್ಮ ಎದ್ದು ನಿಂತಳು. ನಮ್ಮ ತುಕಡಿಯ ಮುಂದಾಳು ಅವಳೇ. ಭೀಮರಾಯನಗುಡಿಯ ಹತ್ತಿರ ಕಾಲುವೆಯ ಗೇಟು ಕಾಯುವ ಈಶಪ್ಪನ ಮಗಳು, ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿ ಬೀಸಿ ಗುರಿ ಕಲಿತವಳು. ಅಷ್ಟು ದೊಡ್ಡ ಸೈನ್ಯಕ್ಕೆ ನಮ್ಮ ಇನ್ನೂರಿಪ್ಪತ್ತೈದು ಸಣ್ಣ ಗುಂಡು ಉಳಿಸಿ ಏನು ಲಾಭ ಎಂದು ಅವಳು ಕೇಳಿದಳು. ನಾನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ರೊಟ್ಟಿ ಬರೆದೆ. ಇದು ಸೈನ್ಯಕ್ಕೆ ಸಿಗುವ ಹಣ ಎಂದೆ. ಅರ್ಧಕ್ಕಿಂತ ಹೆಚ್ಚು ಸಂಬಳಕ್ಕೆ ಹೋಯಿತು, ಅದನ್ನು ಕಡಿಯಲಾಗದು. ಇನ್ನೊಂದು ತುಂಡು ಪಿಂಚಣಿಗೆ, ಅದನ್ನಂತೂ ಮುಟ್ಟಲೇ ಬಾರದು. ಮತ್ತೊಂದು ಹಿಂದೆಯೇ ಮಾತಾಡಿ ತಂದ ತೋಪು, ವಿಮಾನಗಳ ಕಂತಿಗೆ. ಇಷ್ಟಾದ ಮೇಲೆ ಕತ್ತರಿ ಆಡಿಸಲು ಉಳಿಯುವುದು ದಿನ ಬಳಸಿ ಮುಗಿಸುವ ಸಾಮಾನು ಮಾತ್ರ. ಗುಂಡು, ಪೆಟ್ರೋಲು, ಬೂಟಿನ ಪಾಲಿಶು. ಸಿಪಾಯಿ ಇರುತ್ತಾನೆ, ಬಂದೂಕೂ ಇರುತ್ತದೆ, ಹಾರಿಸಲು ಗುಂಡು ಇರುವುದಿಲ್ಲ.

ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಹವಾಲ್ದಾರ ಚಂದ್ರಾಮಪ್ಪನ ಕಡೆಗೆ ಇಡೀ ತರಗತಿ ತಿರುಗಿ ನೋಡಿತು. ಬಟಾಲಿಯನ್ನು ನಮಗೆ ಕವಾಯತು ಕಲಿಸಲು ಕಳಿಸಿದ್ದ ಅಸಲಿ ಸೈನಿಕ ಆತ. ಸೈದಾಪುರದವನು, ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿ ನವೆಂಬರ್ ಮೂವತ್ತಕ್ಕೆ ನಿವೃತ್ತನಾಗುವವನು.

"ಅಂದ್ರ ನಿಮ್ಮ ಪಿಂಚಣಿ ನಮ್ಮ ಗುಂಡು ತಿಂದದ್ರಿ ಉಸ್ತಾದ್," ಎಂದಳು ಮಾನಮ್ಮ.

ಚಂದ್ರಾಮಪ್ಪ ನಗಲಿಲ್ಲ. ಆದರೆ ಅಂದು ಸಂಜೆ ಮೈದಾನದಲ್ಲಿ ಎಲ್ಲರಿಗೂ ಐದು ಸುತ್ತು ಹೆಚ್ಚಿಗೆ ಓಡಿಸಿದ.

ಆ ಪಿಂಚಣಿಯ ಮೇಲೆ ಅವನ ಜೀವವೇ ಇತ್ತು ಎಂಬುದು ನನಗೆ ಗೊತ್ತಿತ್ತು. ಸೈದಾಪುರದಲ್ಲಿ ಹೆಂಡತಿ ಸಾಯಬಮ್ಮ ಆಗಲೇ ಹೊಸ ಹಗ್ಗ ಹಾಕಿಸಿ ಹೊರಸು ನೇಯಿಸಿ ಇಟ್ಟಿದ್ದಳು. ಡಿಸೆಂಬರ್ ಒಂದನೇ ತಾರೀಖು ಆ ಹೊರಸಿನ ಮೇಲೆ ಬೆಳಗಿನ ಎಂಟು ಗಂಟೆಯ ತನಕ ಮಲಗಬೇಕು, ಯಾರೂ ಸೀಟಿ ಊದಬಾರದು. ಇದು ಅವನ ಇಪ್ಪತ್ತನಾಲ್ಕು ವರ್ಷದ ಕನಸು. ಇಷ್ಟು ಸಣ್ಣ ಕನಸಿಗೆ ಅಡ್ಡ ಬರಬಹುದಾದದ್ದು ಒಂದೇ ಒಂದು ವಸ್ತು ಎಂದು ಅವನು ಹೇಳುತ್ತಿದ್ದ. ಅದು ಖೋಕಾ.

ಗುಂಡು ಹಾರಿದ ಮೇಲೆ ಬಂದೂಕಿನಿಂದ ಹೊರಗೆ ಬೀಳುವ ಹಿತ್ತಾಳೆಯ ಖಾಲಿ ಕವಚಕ್ಕೆ ಸೈನ್ಯದಲ್ಲಿ ಖೋಕಾ ಎನ್ನುತ್ತಾರೆ. ನಮ್ಮ ಸಣ್ಣ ಬಂದೂಕಿನದು ಕಿರುಬೆರಳಿನ ತುದಿಯಷ್ಟೂ ಇಲ್ಲ. ಆದರೆ ಅದೊಂದು ಕಡಿಮೆ ಬಿದ್ದರೆ ವಿಚಾರಣೆ ಕೂರುತ್ತದೆ, ವಿಚಾರಣೆ ಮುಗಿಯುವ ತನಕ ನಿವೃತ್ತಿಯ ಕಾಗದ ಅಲುಗಾಡುವುದಿಲ್ಲ. ಅವನ ಪಲ್ಟನ್ನಿನ ಒಬ್ಬನಿಗೆ ಎರಡು ವರ್ಷ ಪಿಂಚಣಿ ತಡೆದಿದ್ದರಂತೆ. ಹೀಗಾಗಿ ಚಂದ್ರಾಮಪ್ಪ ಗುರಿ ಕಲಿಸುವುದಕ್ಕಿಂತ ಮೊದಲು ಖೋಕಾ ಹೆಕ್ಕುವುದನ್ನು ಕಲಿಸಿದ. ಮಾತು ಮುಗಿಸುವಾಗ ಬಲತೋಳಿನ ತಾಯತವನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದ. ಕಪ್ಪು ದಾರ, ಅರಗು ಬಳಿದ ಸಣ್ಣ ತಾಯತ. ಯಾವುದೋ ದರ್ಗಾದಲ್ಲಿ ಕಟ್ಟಿಸಿದ್ದು ಎಂದು ಹುಡುಗರು ನಂಬಿದ್ದರು.

ತಲೆಗೊಂದೇ ಗುಂಡು ಎಂದ ಮೇಲೆ ಅಭ್ಯಾಸ ಹೇಗೆ? ಬಾಯಿಂದಲೇ. ಒಂದು ತಿಂಗಳು ಇಪ್ಪತ್ತೈದು ಜನ ಮೈದಾನದಲ್ಲಿ ಹೊಟ್ಟೆಯ ಮೇಲೆ ಮಲಗಿ, ಮರದ ಬಂದೂಕು ಹಿಡಿದು, ಉಸಿರು ಕಟ್ಟಿ "ಢಂ" ಎಂದರು. ಢಂ ಎನ್ನುವುದು ಅರೆಕ್ಷಣ ತಡವಾದವರಿಗೆ ಚಂದ್ರಾಮಪ್ಪ ಶಿಕ್ಷೆ ಕೊಟ್ಟ. ಕೊನೆಕೊನೆಗೆ ಹುಡುಗರು ಎಷ್ಟು ಪಳಗಿದರೆಂದರೆ ಕೆಲವರು ಢಂ ಎಂದ ಮೇಲೆ ಖೋಕಾ ಬೀಳುವ "ಟಿಣ್" ಸದ್ದನ್ನೂ ಸೇರಿಸಿದರು. ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದವರು ಪ್ರಾಂಶುಪಾಲರಿಗೆ ದೂರು ಕೊಟ್ಟರು.

ಅಸಲಿ ಗುಂಡು ಹಾರಿಸುವ ದಿನವನ್ನು ಬಟಾಲಿಯನ್ನು ಯಾವ ಪಂಚಾಂಗವನ್ನೂ ನೋಡದೆ ಗೊತ್ತುಮಾಡಿತು. ಅಂದು ಖಂಡೇ ಪೂಜೆ. ಆಯುಧಗಳಿಗೆ, ನೇಗಿಲಿಗೆ, ಸೈಕಲ್ಲಿಗೆ ಎಲ್ಲಕ್ಕೂ ಪೂಜೆಯಾಗುವ ದಿನ. ಬೆಳಿಗ್ಗೆ ಮಿಲಿಟರಿ ಲಾರಿ ನಾಲ್ಕು ಬಂದೂಕು, ಒಂದು ರಟ್ಟಿನ ಡಬ್ಬಿಯಲ್ಲಿ ಇಪ್ಪತ್ತೈದು ಗುಂಡು ಇಳಿಸಿ ಸುರಪುರದ ಕಡೆ ಹೋಯಿತು. ಸಂಜೆ ನಾಲ್ಕಕ್ಕೆ ಬಂದು ಬಂದೂಕು, ಖೋಕಾ ಎರಡನ್ನೂ ಒಯ್ಯುವುದಾಗಿ ಹೇಳಿತು. ಜಾಗ ಭೀಮರಾಯನಗುಡಿಯ ಆಚೆ, ಕಾಲುವೆ ಕಟ್ಟುವಾಗ ಮೊರಂ ಮಣ್ಣು ಅಗೆದು ಬಿಟ್ಟ ದೊಡ್ಡ ಹೊಂಡ. ಅದರ ದಂಡೆಗೆ ಮೂವತ್ತು ಮನೆಗಳ ಒಂದು ದೊಡ್ಡಿ.

ಆ ದೊಡ್ಡಿಯ ಗೊಲ್ಲಾಳಮ್ಮ ಎಂಬ ಎಪ್ಪತ್ತರ ಮುದುಕಿ ಪ್ರತಿವರ್ಷ ನಮಗೆ ಕುಡಿಯಲು ನೀರು ಕೊಡುತ್ತಿದ್ದಳು. ಕಾಲುವೆ ಬಂದ ಮೇಲೆ ಅವಳ ಮೂರೆಕರೆಗೆ ಮೊದಲ ಸಲ ಭತ್ತ ಕಂಡಿದ್ದಳು. ಲೋಕದ ಮೇಲೆ ಅವಳಿಗೆ ತಡೆಯಲಾರದಷ್ಟು ಪ್ರೀತಿ. ಬಂದೂಕು ನೋಡಿದವಳೇ ಇವತ್ತು ಪೂಜೆಯಿಲ್ಲದೆ ಇವನ್ನು ಮುಟ್ಟುವುದುಂಟೇ ಎಂದಳು. ಚಂದ್ರಾಮಪ್ಪ ಡಬ್ಬಿ ತೆರೆದು ತಲೆಗೊಂದೇ ಗುಂಡು, ಸರ್ಕಾರದ ಹತ್ತಿರ ರೊಕ್ಕ ಇಲ್ಲ ಎಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೆಗೆ ಹೋಗಿ ದೊಡ್ಡ ಹಿತ್ತಾಳೆ ತಟ್ಟೆ ತಂದಳು. ಹತ್ತಾರು ಹೆಂಗಸರು ಕಾಯಿ, ಹೂವು ಹಿಡಿದು ಹಿಂದೆ ಬಂದರು. ಇಪ್ಪತ್ತೈದು ಗುಂಡುಗಳನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಕರ್ಪೂರದ ಆರತಿಯನ್ನು ಮಾತ್ರ ಚಂದ್ರಾಮಪ್ಪನ ಕೈಕಾಲು ಹಿಡಿದ ವಿನಂತಿಯ ಮೇರೆಗೆ ಬಿಟ್ಟುಕೊಟ್ಟರು. ಗುಂಡುಗಳನ್ನು ಒರೆಸಿ ಒಂದೊಂದಾಗಿ ಹಂಚುವಾಗ ನಮ್ಮ ಕೆಡೆಟ್‌ಗಳು ಎರಡೂ ಕೈ ಒಡ್ಡಿ ತೆಗೆದುಕೊಂಡರು.

ನಾನು ಇದನ್ನು ನೋಡುತ್ತ ನಿಂತಿದ್ದೆ. ತಲೆಗೆ ಹತ್ತು ಗುಂಡು ಬರುತ್ತಿದ್ದ ವರ್ಷಗಳಲ್ಲಿ ಯಾರೂ ಅವುಗಳ ಮುಖ ನೋಡಿರಲಿಲ್ಲ. ಮುಂದೆ ಹಣ ಸುಧಾರಿಸಿ ಮತ್ತೆ ಐದೈದು ಬಂದಾಗಲೂ ಕುಂಕುಮ ಹಚ್ಚುವ ನೆನಪು ಯಾರಿಗೂ ಆಗಲಿಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಕೊರತೆಯಿಂದ ಬೆಲೆ ಏರುತ್ತದೆ ಎಂದು ಬರೆದಿರುತ್ತಾರೆ. ದೈವತ್ವವೂ ಏರುತ್ತದೆ ಎಂದು ನಾನು ಅಂದು ಕಣ್ಣಾರೆ ಕಂಡೆ.

ಗುಂಡು ಹಾರಿಸುವುದು ಅರ್ಧ ಗಂಟೆಯೊಳಗೆ ಮುಗಿಯಿತು. ತಿಂಗಳೆಲ್ಲ ಬಾಯಿಂದ ಹಾರಿಸಿದ ಅಭ್ಯಾಸದಿಂದ ಹನ್ನೊಂದು ಮಂದಿ ಕುದುರೆ ಒತ್ತುವ ಹೊತ್ತಿಗೆ ಜೋರಾಗಿ ಢಂ ಎಂದೂ ಕೂಗಿದರು. ಪ್ರತಿ ಖೋಕಾ ಬಿದ್ದೊಡನೆ ಚಂದ್ರಾಮಪ್ಪ ಹದ್ದಿನಂತೆ ಎರಗಿ ಹೆಕ್ಕಿದ. ಇಡಲು ಬೇರೆ ಪಾತ್ರೆ ಇರಲಿಲ್ಲ. ಪೂಜೆಯ ತಟ್ಟೆ ಅಲ್ಲೇ ಇತ್ತು. ಹೂವಿನ ನಡುವೆ ಇಪ್ಪತ್ತೈದು ಖೋಕಾ ಎಣಿಸಿ ಇಟ್ಟ. ಎರಡು ಸಲ ಎಣಿಸಿದ. ದಾಖಲೆ ಬರೆಯುವ ಕೆಡೆಟ್ ಹಬೀಬಾಗೆ ಲೆಕ್ಕ ನೋಡಿಕೊ ಎಂದು ಹೇಳಿ, ನಾನು, ಅವನು, ಮಾನಮ್ಮ ಮೂವರೂ ಗುರಿಹಲಗೆ ಅಳೆಯಲು ಹೊಂಡದ ಆ ತುದಿಗೆ ಹೋದೆವು. ಮಾನಮ್ಮನ ಗುಂಡು ಕರಿಯ ಚುಕ್ಕೆಯ ಸರಿಯಾದ ನಡುವಿಗೆ ಬಿದ್ದಿತ್ತು. ಚಂದ್ರಾಮಪ್ಪ ಆ ತೂತಿನಲ್ಲಿ ಬೆರಳಿಟ್ಟು, ಹತ್ತು ಗುಂಡು ಕೊಟ್ಟಿದ್ದರೆ ಈ ಹುಡುಗಿ ದಿಲ್ಲಿ ನೋಡುತ್ತಿದ್ದಳು ಎಂದ. ಮೂವರೂ ಬಹಳ ಖುಷಿಯಿಂದ ಹಿಂದಕ್ಕೆ ಬಂದೆವು.

ತಟ್ಟೆಯಲ್ಲಿ ನಾಲ್ಕು ಚೆಂಡು ಹೂವು ಉಳಿದಿದ್ದವು. ಹುಡುಗರು ಕೊಬ್ಬರಿ ತಿನ್ನುತ್ತಿದ್ದರು. ಗೊಲ್ಲಾಳಮ್ಮ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಖೋಕಾ ಎಲ್ಲಿ ಎಂದು ಚಂದ್ರಾಮಪ್ಪ ಕೇಳಿದ. ಪ್ರಸಾದ ಹಂಚಿಯಾಯಿತು ಎಂದು ಅವಳು ಹೇಳಿದಳು. ಪೂಜೆಯಾದ ತಟ್ಟೆಯಲ್ಲಿ ಉಳಿದದ್ದೆಲ್ಲ ಪ್ರಸಾದವೇ. ಬಂದ ಹೆಂಗಸರಿಗೆ ಒಂದು ಚೂರು ಕಾಯಿ, ಚಿಟಿಕೆ ಸಕ್ಕರೆ, ಒಂದು ಖೋಕಾ ಕೊಟ್ಟು ಕಳಿಸಿದ್ದಳು. ಖೋಕಾ ಇನ್ನೂ ಉಳಿದಾಗ ದೊಡ್ಡಿಯಿಂದ ಇನ್ನಷ್ಟು ಜನರನ್ನು ಕರೆಸಿದ್ದಳು. ಕೊನೆಯದನ್ನು ತನಗೆ ಇಟ್ಟುಕೊಂಡಿದ್ದಳು.

ಚಂದ್ರಾಮಪ್ಪ ಮೊರಂ ಮೇಲೆ ಕುಕ್ಕರಿಸಿ ಕೂತುಬಿಟ್ಟ. ಹೊರಸು, ಎಂಟು ಗಂಟೆಯ ನಿದ್ದೆ, ಸಾಯಬಮ್ಮ ಎಲ್ಲ ಅವನ ಕಣ್ಣ ಮುಂದೆ ಹಾದು ಹೋದದ್ದು ನನಗೂ ಕಂಡಿತು. ಲೆಕ್ಕ ನೋಡಿಕೊ ಎಂದು ಹೇಳಿದ್ದೆನಲ್ಲ ಎಂದು ನಾನು ಹಬೀಬಾ ಮೇಲೆ ಹಾರಿದೆ. ಆ ಹುಡುಗಿ ಒಂಚೂರೂ ಅಳುಕದೆ ದಾಖಲೆ ಪುಸ್ತಕ ತೆರೆದು ಹಿಡಿದಳು.

"ನೋಡೀನ್ರಿ ಸರ್. ಒಂದೊಂದು ಯಾರ್ಯಾರಿಗಿ ಹೋಗ್ಯಾವ ಅಂತ ಬರದೀನಿ."

ನಿಜವಾಗಿಯೂ ಬರೆದಿದ್ದಳು. ವಿತರಣೆ ಎಂಬ ಕಲಮಿನ ಕೆಳಗೆ ಇಪ್ಪತ್ತೈದು ಹೆಸರು. ಖೋಕಾ ಏಳು, ದೇವಕಮ್ಮ, ಬೇವಿನ ಗಿಡದ ಮನೆ. ಖೋಕಾ ಹನ್ನೆರಡು, ಬಾಲಮ್ಮ, ನೀಲಿ ಬಾಗಿಲು. ಹುಡುಗಿಯನ್ನು ಬೈಯಬೇಕೋ ಹಣಕಾಸು ಇಲಾಖೆಗೆ ಕಳಿಸಬೇಕೋ ನನಗೆ ತಿಳಿಯಲಿಲ್ಲ. ಗಡಿಯಾರದಲ್ಲಿ ಒಂದೂವರೆ ಆಗಿತ್ತು.

ಹೋಗಿ ವಾಪಸು ಕೇಳೋಣ ಎಂದು ಚಂದ್ರಾಮಪ್ಪ ಎದ್ದ. ಗೊಲ್ಲಾಳಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

"ಪ್ರಸಾದ ಹೊಳ್ಳಿ ಕೇಳೂದು ನಮ್ಮ ಕಡಿ ಇಲ್ಲೋ ಯಪ್ಪಾ. ಕೇಳಿದ್ರ ಯಾರೂ ಕೊಡಂಗಿಲ್ಲ. ಭಿಕ್ಷಾ ಬೇಡಿದ್ರ ಮಾತ್ರ ಇವತ್ತಿನ ದಿನ ಇಲ್ಲ ಅನ್ನಂಗಿಲ್ಲ."

"ಈ ಬಟ್ಟಿ ಹಾಕ್ಕೊಂಡು ಭಿಕ್ಷಾ ಬೇಡ್ಲೇನು ಆಯಿ? ಸರ್ಕಾರದ ಸಿಪಾಯಿ ಅದೀನಿ ನಾ."

"ಸರ್ಕಾರದ ಬಲ್ಲಿ ರೊಕ್ಕ ಇಲ್ಲಂತ ನೀನೇ ಹೇಳಿದಿ. ರೊಕ್ಕ ಇಲ್ದವ್ರು ಮತ್ತೇನ್ ಮಾಡ್ತಾರ?"

ಅರ್ಥಶಾಸ್ತ್ರದ ಯಾವ ಪುಸ್ತಕವೂ ಇದನ್ನು ಇಷ್ಟು ಸರಳವಾಗಿ ಹೇಳಿಲ್ಲ. ಹರಕೆ ಹೊತ್ತವರು ಹಬ್ಬದ ದಿನ ಮನೆಮನೆ ಬೇಡುವ ರೂಢಿ ಈ ಸೀಮೆಯಲ್ಲಿ ಇದ್ದದ್ದೇ. ಚಂದ್ರಾಮಪ್ಪ ತಲೆಯ ಮೇಲಿನ ಟೋಪಿ ತೆಗೆದ. ಅದನ್ನು ತಿರುವಿ ಎರಡೂ ಕೈಯಲ್ಲಿ ಹಿಡಿದ. ಹಿಂದೆ ಟೋಪಿ ಹಿಡಿದ ನಾನು, ನನ್ನ ಹಿಂದೆ ಪುಸ್ತಕ ಹಿಡಿದ ಹಬೀಬಾ, ಅವಳ ಹಿಂದೆ ಮಾನಮ್ಮನ ನೇತೃತ್ವದಲ್ಲಿ ಮೂರು ಸಾಲಿನ ತುಕಡಿ, ಎಡ ಬಲ ಎಂದು ಹೆಜ್ಜೆ ಹಾಕುತ್ತ. ದೇಶದ ರಕ್ಷಣಾ ವ್ಯವಸ್ಥೆ ದೊಡ್ಡಿಯನ್ನು ಪ್ರವೇಶಿಸಿತು.

ಮೊದಲ ಮನೆಯ ಮುಂದೆ ಚಂದ್ರಾಮಪ್ಪ "ಭಿಕ್ಷಾ ನೀಡ್ರವ್ವಾ" ಎಂದ. ಅವನಿಗೆ ಗೊತ್ತಿದ್ದದ್ದು ಕವಾಯತಿನ ದನಿ ಒಂದೇ. ಕಟ್ಟೆಯ ಮೇಲಿದ್ದ ನಾಯಿ ಓಡಿತು, ಕೋಳಿಗಳು ಮಾಳಿಗೆ ಹತ್ತಿದವು, ಒಳಗಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ವಿಷಯ ಗೊಲ್ಲಾಳಮ್ಮನಿಂದ ಮೊದಲೇ ತಿಳಿದಿತ್ತು. ಆದರೂ ಪದ್ಧತಿ ಪದ್ಧತಿಯೇ. ಟೋಪಿಗೆ ಒಂದು ಬೊಗಸೆ ಜೋಳ ಸುರಿದು, ಮೇಲೆ ಖೋಕಾ ಇಟ್ಟು, ಕೈಮುಗಿದು ಒಳಗೆ ಹೋದಳು. ಖೋಕಾ ಒಂದು ಬಂತು ಎಂದು ಹಬೀಬಾ ಗುರುತು ಹಾಕಿದಳು.

ಐದು ಮನೆ ದಾಟುವಷ್ಟರಲ್ಲಿ ಇಬ್ಬರ ಟೋಪಿಗಳೂ ತುಂಬಿದವು. ಜೋಳ ಹಾಕಲು ಒಬ್ಬನ ಅಂಗಿ ಬಿಚ್ಚಿಸಿ ಜೋಳಿಗೆ ಮಾಡಬೇಕಾಯಿತು. ಕೆಲವರು ರೊಟ್ಟಿ ಹಾಕಿದರು, ಒಬ್ಬಳು ರೊಟ್ಟಿಗೆ ನಂಚಲು ಶೇಂಗಾ ಹಿಂಡಿ ಹಾಕಿದಳು. ಉಪಾಹಾರ ಇಲ್ಲ ಎಂದು ಬಟಾಲಿಯನ್ನು ಬರೆದಿತ್ತಲ್ಲ, ನಮ್ಮ ತುಕಡಿ ಅಷ್ಟು ಚೆನ್ನಾಗಿ ಹಿಂದೆಂದೂ ಉಂಡಿರಲಿಲ್ಲ. ಹುಡುಗರಿಗೆ ಹುರುಪು ಏರಿ ಪ್ರತಿ ಮನೆಯ ಮುಂದೆ ಇಪ್ಪತ್ತೈದೂ ಜನ ಒಟ್ಟಿಗೆ ಬೇಡತೊಡಗಿದರು. ಒಂದು ತಿಂಗಳು ಢಂ ಎಂದು ಸಾಧಿಸಿದ ಗಂಟಲುಗಳು ಅವು.

ಎಲ್ಲ ಕಡೆ ಅಷ್ಟು ಸುಲಭವಾಗಲಿಲ್ಲ. ದೇವಕಮ್ಮ ಖೋಕಾವನ್ನು ಕೂಸಿನ ಉಡುದಾರಕ್ಕೆ ಕಟ್ಟಿಬಿಟ್ಟಿದ್ದಳು. ಬಿಚ್ಚಲು ಹೋದರೆ ಕೂಸು ನೀಲಿಗಟ್ಟುವಂತೆ ಅತ್ತಿತು. ಚಂದ್ರಾಮಪ್ಪ ಕೊರಳಿನ ಸೀಟಿ ತೆಗೆದು ಅದರ ಕೈಗೆ ಕೊಟ್ಟ. ಕೂಸು ಊದಿತು, ಗಾಬರಿಯಾಯಿತು, ಮತ್ತೆ ಊದಿತು. ನಾವು ದೊಡ್ಡಿ ಬಿಡುವ ತನಕವೂ ಅದು ಊದುತ್ತಲೇ ಇತ್ತು, ಪ್ರತಿ ಸಲವೂ ಇಬ್ಬರು ಮೂವರು ಕೆಡೆಟ್‌ಗಳು ಸಾವಧಾನ್ ಭಂಗಿಯಲ್ಲಿ ಸೆಟೆದು ನಿಲ್ಲುತ್ತಿದ್ದರು. ಬಾಲಮ್ಮನ ಮನೆಯಲ್ಲಿ ಖೋಕಾ ದೇವರ ಮುಂದಿನ ಹಣತೆಯಲ್ಲಿ ಬತ್ತಿಗೆ ಆಸರೆಯಾಗಿ ನಿಂತಿತ್ತು. ಹಚ್ಚಿದ ದೀಪ ಆರಿಸುವಂತಿಲ್ಲ. ಚಂದ್ರಾಮಪ್ಪ ಎಣ್ಣೆ ತೀರುವ ತನಕ ಆ ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಇಷ್ಟು ಭಕ್ತಿಯುಳ್ಳ ಸಿಪಾಯಿಯನ್ನು ತಾನು ಕಂಡಿರಲಿಲ್ಲ ಎಂದು ಬಾಲಮ್ಮ ಆಮೇಲೆ ಊರೆಲ್ಲ ಹೇಳಿದಳಂತೆ.

ಎಲ್ಲಕ್ಕಿಂತ ಪೇಚಾದದ್ದು ಹಣಮಂತಮ್ಮನದು. ಧಾನ್ಯ ಹೆಚ್ಚಲಿ ಎಂದು ಅವಳು ಖೋಕಾವನ್ನು ಜೋಳದ ಗುಮ್ಮಿಯೊಳಗೆ ಕೋಲಿನಿಂದ ಆಳಕ್ಕೆ ಒತ್ತಿ ಹಾಕಿದ್ದಳು. ಗುಮ್ಮಿ ಎಂದರೆ ಮನೆಯ ಮೂಲೆಯಲ್ಲಿ ಆಳೆತ್ತರ ನಿಂತ ಕಣಜ. ಐವರು ಹುಡುಗಿಯರು ಒಳಗೆ ಇಳಿದರು, ಹತ್ತು ಹುಡುಗರು ಹೊರಗೆ ಜರಡಿ ಹಿಡಿದರು. ಎಂಟು ಚೀಲ ಜೋಳವನ್ನು ಮೊರದಿಂದ ಮೊರಕ್ಕೆ ಸುರಿಯತೊಡಗಿದರು. ಜೋಳದ ದೂಳಿಗೆ ಇಡೀ ತುಕಡಿ ಸೀನತೊಡಗಿತು. ಹಣಮಂತಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹೇಗೂ ಈ ವಾರ ಜೋಳ ಹಸನು ಮಾಡಬೇಕಿತ್ತು, ಕೂಲಿ ಉಳಿಯಿತು ಎಂದಳು. ಏಳನೆಯ ಚೀಲದಲ್ಲಿ ಖೋಕಾ ಸಿಕ್ಕಿತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ತನಾಲ್ಕು ಖೋಕಾ ನನ್ನ ಟೋಪಿಯಲ್ಲಿದ್ದವು. ಉಳಿದದ್ದು ಪಟ್ಟಿಯ ಕೊನೆಯ ಹೆಸರು. ಗೊಲ್ಲಾಳಮ್ಮ, ನೀರು ಕೊಡುವ ಮನೆ.

ಇಷ್ಟು ಹೊತ್ತು ನಮ್ಮ ಜೊತೆ ಮನೆಮನೆ ತಿರುಗಿದ್ದ ಮುದುಕಿ ಈಗ ಮುಖ ತಗ್ಗಿಸಿದಳು. ಅವಳದು ಇರಲಿಲ್ಲ. ನಾವು ಗುರಿಹಲಗೆ ಅಳೆಯುತ್ತಿದ್ದಾಗಲೇ ಅದನ್ನು ಒಂದು ನಿಂಬೆಹಣ್ಣು, ಐದು ತಾಮ್ರದ ಬಿಲ್ಲೆಗಳ ಜೊತೆ ಕೆಂಪು ಖಣದಲ್ಲಿ ಗಂಟು ಕಟ್ಟಿ ಕಾಲುವೆಗೆ ಉಡಿ ತುಂಬಿಬಿಟ್ಟಿದ್ದಳು. ಭತ್ತ ಕೊಟ್ಟ ಗಂಗಮ್ಮನಿಗೆ ಆ ದಿನ ಕೈಗೆ ಬಂದದ್ದರಲ್ಲಿ ಅತ್ಯಂತ ಅಪರೂಪದ್ದನ್ನು ಕೊಡಬೇಕು ಎನ್ನಿಸಿತ್ತು ಅವಳಿಗೆ. ಇಷ್ಟು ಹೊತ್ತು ಹೇಳಲು ಬಾಯಿ ಬಂದಿರಲಿಲ್ಲ.

ಮಾನಮ್ಮ ಅಪ್ಪನ ಗೇಟಿನ ಕಡೆಗೆ ಓಡಿದಳು. ಎಲ್ಲರೂ ಓಡಿದೆವು. ಕಾಲುವೆ ದಡ ತುಂಬಿ ಹರಿಯುತ್ತಿತ್ತು. ನೀರು ಎಳೆದು ತಂದದ್ದೆಲ್ಲ ಗೇಟಿನ ಮುಂದಿನ ಕಬ್ಬಿಣದ ಜಾಲರಿಗೆ ಸಿಕ್ಕಿ ನಿಲ್ಲುತ್ತದೆ, ಆದರೆ ಅದು ಎರಡಾಳು ನೀರಿನ ಕೆಳಗೆ ಎಂದು ಈಶಪ್ಪ ಹೇಳಿದ. ನೀರು ನಿಲ್ಲಿಸಲು ಮೇಲಿನಿಂದ ಆದೇಶ ಬೇಕು, ಕೊನೆಯ ಹೊಲಗಳ ರೈತರು ಸರದಿಗಾಗಿ ಕಾದಿದ್ದಾರೆ, ಒಂದು ಹಿತ್ತಾಳೆ ಚೂರಿಗೆ ಕಾಲುವೆ ನಿಲ್ಲಿಸಿದರೆ ತನ್ನ ನೌಕರಿ ಹೋಗುತ್ತದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಚಂದ್ರಾಮಪ್ಪ ದಡದಲ್ಲಿ ಬಗ್ಗಿ ನೀರನ್ನು ನೋಡಿದ. ಆ ಕೆಂಪು ನೀರಿನೊಳಗೆ ಅವನ ಹೊರಸು ಮುಳುಗುತ್ತಿತ್ತು.

ಗೊಲ್ಲಾಳಮ್ಮ ಅಳುತ್ತಿದ್ದಳು. ಹಬ್ಬದ ದಿನ ಮುತ್ತೈದೆಯರೆದುರು ಅವಳು ಅಳುವುದನ್ನು ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ. ಬಟಾಲಿಯನ್ನಿಗೆ ನನ್ನ ತಪ್ಪು ಎಂದೇ ಬರೆದುಕೊಡುತ್ತೇನೆ ಎಂದೆ. ಅದರಿಂದ ವಿಚಾರಣೆ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು.

ಚಂದ್ರಾಮಪ್ಪ ಅಂಗಿಯ ತೋಳು ಮಡಚಿದ. ತಾಯತದ ಕಪ್ಪು ದಾರವನ್ನು ಹಲ್ಲಿನಿಂದ ಕಡಿದ. ಗೇಟಿನ ಕಟ್ಟೆಯ ಮೇಲೆ ಅದನ್ನಿಟ್ಟು ಉಗುರಿನಿಂದ ಅರಗು ಕೆರೆಯತೊಡಗಿದ. ಮೊದಲು ಒಂದು ಹಿತ್ತಾಳೆಯ ಅಂಚು ಕಂಡಿತು. ಆಮೇಲೆ ಪೂರ್ತಿ ಕಂಡಿತು. ನನ್ನ ಟೋಪಿಯಲ್ಲಿದ್ದ ಇಪ್ಪತ್ತನಾಲ್ಕರಂಥದ್ದೇ ಇನ್ನೊಂದು, ತಳದಲ್ಲಿ ಅದೇ ಕಾರ್ಖಾನೆಯ ಮುದ್ರೆ. ಬಣ್ಣ ಮಾತ್ರ ಕಪ್ಪಾಗಿತ್ತು.

ಅವನು ಹೇಳಿದ್ದಿಷ್ಟು. ಅರವತ್ತೇಳರಲ್ಲಿ ಅವನು ಆಗ ತಾನೆ ಭರ್ತಿಯಾದ ರಂಗರೂಟ. ಆಗಲೂ ಕೈ ಬಿಗಿಯಿದ್ದ ಕಾಲ. ದೊಡ್ಡ ಗುಂಡು ದುಬಾರಿ ಎಂದು ಮೊದಲು ಈ ಸಣ್ಣ ಗುಂಡು ಐದೈದು ಕೊಡುತ್ತಿದ್ದರು. ಜೀವನದ ಮೊದಲ ಗುಂಡು ಹಾರಿಸಿದಾಗ ಖೋಕಾ ಪುಟಿದು ಅವನ ಕಾಲುಚೀಲದೊಳಗೆ ಬಿತ್ತು. ಬಿಸಿ ತಾಗಿದ್ದು ಗೊತ್ತಾಯಿತು. ಅದು ತನಗೇ ಇರಲಿ ಎಂದು ಆಸೆಯಾಯಿತು. ಒಂದು ಕಡಿಮೆ ಬಿದ್ದಿತೆಂದು ಇಡೀ ಪ್ಲಟೂನು ಎರಡು ದಿನ ಮೊಣಕಾಲೂರಿ ಮರಳು ಸೋಸಿತು. ಅವನೂ ಅವರ ಜೊತೆ ಸೋಸಿದ. ಅವರ ಉಸ್ತಾದನಿಗೆ ಆ ವರ್ಷದ ಬಡ್ತಿ ಹೋಯಿತು.

"ಅವತ್ತಿನಿಂದ ಒಂದೂ ಖೋಕಾ ಕಳಕೊಂಡಿಲ್ರಿ ನಾ," ಎಂದ. "ಇದು ಸರ್ಕಾರದ್ದೇ ಅದ ಸಾಹೇಬ್ರ. ಇಪ್ಪತ್ನಾಕು ವರ್ಷ ತಡಾ ಆಗ್ಯಾದ, ಅಷ್ಟೇ."

ಅದನ್ನು ಅಂಗಿಗೆ ಒಮ್ಮೆ ಒರೆಸಿ ನನ್ನ ಟೋಪಿಗೆ ಹಾಕಿದ. ಮೊದಲ ಗುಂಡಿನ ಖೋಕಾ ಅದು, ಕದ್ದದ್ದಾದರೂ ಅವನದೇ. ಬರಿದಾದ ತೋಳಿನ ಮೇಲೆ ದಾರದ ಬಿಳಿ ಗುರುತು ಎದ್ದು ಕಾಣುತ್ತಿತ್ತು.

ಗೊಲ್ಲಾಳಮ್ಮ ಕಣ್ಣೊರೆಸಿಕೊಂಡು ಹುಣಸೆಹಣ್ಣು, ಒಲೆಯ ಬೂದಿ ತಂದಳು. ಕುಂಕುಮ, ಎಣ್ಣೆ, ಜೋಳದ ದೂಳು, ಇಪ್ಪತ್ತನಾಲ್ಕು ವರ್ಷದ ಅರಗು ಎಲ್ಲ ಹೋಗುವ ಹಾಗೆ ದೊಡ್ಡಿಯ ಹೆಂಗಸರು ಕೂತು ಖೋಕಾ ತಿಕ್ಕಿದರು. ನಾಲ್ಕಕ್ಕೆ ಲಾರಿ ಬಂತು. ಎಣಿಸಲು ಇಳಿದ ಸ್ಟೋರಿನವನು ಮೂಗುತಿಯಂತೆ ಹೊಳೆಯುತ್ತಿದ್ದ ಇಪ್ಪತ್ತೈದು ಖೋಕಾ ನೋಡಿ, ಹಾರಿಸಿದ್ದೀರೋ ಇಲ್ಲವೋ ಎಂದು ಅನುಮಾನಪಟ್ಟ. ಮಾನಮ್ಮ ಗುರಿಹಲಗೆ ತೋರಿಸಿದಳು. ಅವನು ಸಹಿ ಹಾಕಿದ. ಹಬೀಬಾ ಪುಸ್ತಕ ಮುಚ್ಚಿದಳು. ದೂರದಲ್ಲಿ ದೇವಕಮ್ಮನ ಕೂಸು ಸೀಟಿ ಊದಿತು, ಲಾರಿಯ ಚಾಲಕ ಏನೆಂದುಕೊಂಡನೋ, ಗಾಡಿ ಹೊರಡಿಸಿದ.

ನವೆಂಬರ್ ಕೊನೆಯ ವಾರ ಕಾಲುವೆಯ ನೀರು ನಿಂತಿತು. ಮೂವತ್ತರಂದು ಮಧ್ಯಾಹ್ನ ಕಾಲೇಜಿನಲ್ಲಿ ಚಂದ್ರಾಮಪ್ಪನ ಬೀಳ್ಕೊಡುಗೆ. ಶಾಲು ಹೊದಿಸುವ ನಿಧಿಯನ್ನೂ ಮಿತವ್ಯಯ ನುಂಗಿತ್ತು. ಪ್ರಾಂಶುಪಾಲರು ಮಾತು ಮಾತ್ರ ಧಾರಾಳವಾಗಿ ಆಡಿದರು. ಮಾತು ಮುಗಿಯುವ ಹೊತ್ತಿಗೆ ನನ್ನ ತುಕಡಿ ಬಾಗಿಲಲ್ಲಿ ಕಾಣಿಸಿಕೊಂಡಿತು. ಇಪ್ಪತ್ತೈದೂ ಜನ ಮೊಣಕಾಲ ತನಕ ಕೆಸರು. ನಡುವೆ ಗೊಲ್ಲಾಳಮ್ಮ. ಮೂರು ದಿನದಿಂದ ಪಾಠಕ್ಕೆ ಚಕ್ಕರ್ ಹೊಡೆದು ಅವರು ಜಾಲರಿಯ ಮುಂದಿನ ಹೂಳಿನಲ್ಲಿದ್ದ ಉಡಿಯ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿ, ಹಾಗೇ ಮತ್ತೆ ಕಟ್ಟಿ ಇಟ್ಟಿದ್ದರು. ಮೂರು ತಾಲ್ಲೂಕಿನ ಹೆಂಗಸರ ಹರಕೆಗಳು ಅಲ್ಲಿದ್ದವಂತೆ. ನೂರಾ ಹನ್ನೊಂದನೆಯ ಗಂಟನ್ನು ನೋಡಿ ಇದು ತನ್ನ ಕೈಯದು ಎಂದು ಗೊಲ್ಲಾಳಮ್ಮ ಗುರುತಿಸಿದ್ದಳು.

ಮಾನಮ್ಮ ಆ ಕೆಂಪು ಖಣವನ್ನು ಮೇಜಿನ ಮೇಲೆ ಬಿಚ್ಚಿದಳು. ಕೊಳೆತು ಕುಗ್ಗಿದ ನಿಂಬೆ, ಐದು ತಾಮ್ರದ ಬಿಲ್ಲೆ, ಹಸಿರು ಕಟ್ಟಿದ ಒಂದು ಖೋಕಾ. ಚಂದ್ರಾಮಪ್ಪ ಅದನ್ನು ನೋಡಿದ, ಮುಟ್ಟಲಿಲ್ಲ. ಹಳೆಯ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ.

"ಸರ್ಕಾರದ್ದು ಇಪ್ಪತ್ತೈದು ಬರೋಬರಿ ಮುಟ್ಯಾವ," ಎಂದ ನಿಧಾನವಾಗಿ. "ಇದು ಯಾವ ಲೆಕ್ಕದಾಗ ಬರ್ತದ?"

ಹಬೀಬಾ ಪುಸ್ತಕ ತೆರೆಯಲಿಲ್ಲ.

"ಪ್ರಸಾದದಾಗ್ರಿ ಉಸ್ತಾದ್."

ಚಂದ್ರಾಮಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಬಲಗೈಯ ಕೆಳಗೆ ಎಡಗೈ ಹಿಡಿದು ಗೊಲ್ಲಾಳಮ್ಮನ ಮುಂದೆ ಬಾಗಿ ನಿಂತ. ಅವಳು ಖೋಕಾವನ್ನು ಅವನ ಅಂಗೈಯಲ್ಲಿ ಇಟ್ಟಳು, ಅವನು ಅದನ್ನು ಕಣ್ಣಿಗೊತ್ತಿಕೊಂಡ.